ಮೊದಲ ಮಳೆಯೂ ರಾಣಿಯಿರುವೆಯೂ

ಬೇಸಗೆಯ ಬಿಸಿಲಿಗೆ ಕಾದು ಬಿರಿದ ನೆಲದ ಮೇಲೆ ವರ್ಷದ ಮೊದಲ ಮಳೆ ಸುರಿದ ಸಂಜೆ ನಮ್ಮ ಮನೆಗಳ ದೀಪದ ಸುತ್ತ ಒಂದು ಜಾತ್ರೆಯೇ ನೆರೆಯುತ್ತದೆ. ರೆಕ್ಕೆಯುಳ್ಳ ಹುಳುಗಳು ಗುಂಪುಗುಂಪಾಗಿ ಬಂದು ಗಾಜಿಗೆ ಬಡಿದು ಕೆಳಗೆ ಬೀಳುತ್ತವೆ. ಹಲ್ಲಿಗಳಿಗೆ ಹಬ್ಬ, ಊಟಕ್ಕೆ ಕುಳಿತವರಿಗೆ ಬೇಸರ. ದೀಪವಾರಿಸಿ ಕದವಿಕ್ಕಿಕೊಂಡರೆ ನಮ್ಮ ಪಾಲಿಗೆ ಆ ಪ್ರಸಂಗ ಮುಗಿಯಿತು. ಮರುದಿನ ಅಂಗಳ ಗುಡಿಸುವಾಗ ದೊರೆಯುವ ರೆಕ್ಕೆಗಳ ರಾಶಿಯನ್ನು ಕಸದೊಡನೆ ಎಸೆಯುತ್ತೇವೆ. ಆ ರೆಕ್ಕೆಗಳನ್ನು ಕಳಚಿಟ್ಟವರು ಯಾರು, ಎಲ್ಲಿಗೆ ಹೋದರು ಎಂದು ಕೇಳುವವರು ವಿರಳ. ಕೇಳಬೇಕೆಂಬುದೇ ಈ ಲೇಖನದ ಆಶಯ.

ಈ ಅತಿಥಿಗಳೆಲ್ಲವೂ ಒಂದೇ ಕುಲದವಲ್ಲ. ಬಹುಮಟ್ಟಿಗೆ ಅವು ಗೆದ್ದಲುಗಳು. ಆದರೆ ಅವುಗಳ ನಡುವೆ ನಿಜವಾದ ಇರುವೆಗಳೂ ಇರುವುದುಂಟು. ಎರಡನ್ನೂ ಬೇರ್ಪಡಿಸಿ ಗುರುತಿಸುವುದು ಕಷ್ಟವಲ್ಲ. ಗೆದ್ದಲಿನ ನಾಲ್ಕು ರೆಕ್ಕೆಗಳೂ ಒಂದೇ ಅಳತೆಯವು. ಇರುವೆಗೆ ಮುಂದಿನ ಜೊತೆ ದೊಡ್ಡದು, ಹಿಂದಿನದು ಚಿಕ್ಕದು. ಗೆದ್ದಲಿನ ಕುಡಿಮೀಸೆ ಮಣಿ ಪೋಣಿಸಿದ ಸರದಂತೆ ನೇರವಾಗಿದೆ. ಇರುವೆಯದು ಮೊಣಕೈಯಂತೆ ಮಡಿಸಿದೆ. ಇರುವೆಯ ನಡು ಸಣ್ಣದು. ಗೆದ್ದಲಿಗೆ ಅಂಥ ನಡುವೇ ಇಲ್ಲ. ಸಂಬಂಧದಲ್ಲಿಯೂ ಇವು ಬಹು ದೂರ. ಗೆದ್ದಲು ಜಿರಲೆಯ ನಂಟ; ಇರುವೆ ಕಣಜದ ನಂಟ.

ರೆಕ್ಕೆಯ ಇರುವೆ ಬೇರೊಂದು ಜಾತಿಯೆಂದು ತಿಳಿಯಬಾರದು. ಗೂಡು ಬಲಿತ ಬಳಿಕ ಅದರಲ್ಲಿ ರೆಕ್ಕೆಯುಳ್ಳ ಹೆಣ್ಣುಗಳೂ ಗಂಡುಗಳೂ ಬೆಳೆದು ತಕ್ಕ ಹೊತ್ತಿಗಾಗಿ ಕಾದಿರುತ್ತವೆ. ಆ ಹೊತ್ತು ಬಂದೊಡನೆ ಹೊರಬಿದ್ದು ಹಾರುತ್ತವೆ. ಇದೇ ಇರುವೆಗಳ ವಿವಾಹಯಾನ. ಗಂಡು ಕೆಲವೇ ದಿನಗಳಲ್ಲಿ ಸಾಯುತ್ತದೆ. ಹೆಣ್ಣು ನೆಲಕ್ಕಿಳಿದು, ತನ್ನ ರೆಕ್ಕೆಗಳನ್ನು ತಾನೇ ಮುರಿದುಹಾಕಿ, ಮಣ್ಣಿನಲ್ಲಿ ಕುಳಿ ತೋಡಿ, ಬಾಯಿ ಮುಚ್ಚಿ ಒಳಗೆ ಕೂರುತ್ತದೆ. ನಮಗೆಲ್ಲ ಪರಿಚಿತವಾದ ದೊಡ್ಡ ಕರಿಯ ಗೊದ್ದದ ರಾಣಿ ಮೊದಲ ಮಕ್ಕಳು ಬೆಳೆದು ಆಹಾರ ತರುವವರೆಗೆ ಏನನ್ನೂ ತಿನ್ನುವುದಿಲ್ಲ. ಇನ್ನು ಬೇಕಿಲ್ಲದ ಹಾರಾಟದ ಸ್ನಾಯುಗಳು ಅದರ ಮೈಯೊಳಗೇ ಕರಗಿ ಮರಿಗಳ ಆಹಾರಕ್ಕೆ ಒದಗುತ್ತವೆ. ಮಿಲನದ ವೇಳೆಯಲ್ಲಿ ಪಡೆದ ವೀರ್ಯಾಣುಗಳನ್ನು ಜೀವಮಾನವೆಲ್ಲ ಮೈಯೊಳಗೆ ಕಾಪಿಟ್ಟುಕೊಂಡು ಮೊಟ್ಟೆಯಿಡುತ್ತ ಹೋಗುತ್ತದೆ. ಈ ಜೀವಮಾನವೂ ಅಲ್ಪವಲ್ಲ. ಯುರೋಪಿನ ತೋಟಗಳ ಕರಿಯಿರುವೆಯ ರಾಣಿಯೊಂದು ಸಾಕಣೆಯಲ್ಲಿ 28 ವರ್ಷಕ್ಕೂ ಮೇಲ್ಪಟ್ಟು ಬದುಕಿದ್ದುಂಟು.

ಮಳೆಗೂ ಈ ಯಾನಕ್ಕೂ ನಂಟೇಕೆ? ನೆನೆದ ನೆಲವನ್ನು ತೋಡುವುದು ಸುಲಭ. ತೇವದ ಗಾಳಿಯಲ್ಲಿ ಮೈ ಒಣಗುವ ಭಯ ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಮಳೆಯೆಂಬುದು ಎಲ್ಲ ಗೂಡುಗಳಿಗೂ ಒಮ್ಮೆಗೇ ಕೇಳಿಸುವ ಡಂಗುರ. ಒಂದೇ ಜಾತಿಯ ಹಲವು ಗೂಡುಗಳು ಒಂದೇ ಹೊತ್ತಿನಲ್ಲಿ ಹೊರಟರೆ ಬೇರೆ ಗೂಡಿನ ಸಂಗಾತಿ ದೊರೆಯುತ್ತದೆ. ಹಕ್ಕಿ, ಹಲ್ಲಿ, ಕಪ್ಪೆಗಳು ತಿಂದು ತಣಿದ ಮೇಲೂ ಕೆಲವು ಉಳಿದುಕೊಳ್ಳುತ್ತವೆ. ನಮ್ಮ ನಾಡಿನಲ್ಲಿ ಅಶ್ವಿನಿ, ಭರಣಿ ಮಳೆಗಳ ಕಾಲ, ಎಂದರೆ ಏಪ್ರಿಲ್ ನಡುವಿನಿಂದ ಮೇ ತಿಂಗಳ ಮೊದಲ ಭಾಗದವರೆಗೆ, ರಾಣಿಯನ್ನು ಅರಸುವವರಿಗೆ ಒಳ್ಳೆಯ ಕಾಲ.

ಅರಸುವುದು ಹೇಗೆ? ದೀಪದ ಕೆಳಗೆ ನಿಂತರೆ ಸಾಲದು. ಮಳೆ ನಿಂತ ಮರುದಿನ ಬೆಳಗ್ಗೆ ಕಾಲುದಾರಿಯ ಅಂಚು, ಆಟದ ಬಯಲು, ಕಲ್ಲುಹಾಸಿನ ಸಂದುಗಳನ್ನು ನೋಡುತ್ತ ನಿಧಾನವಾಗಿ ನಡೆಯಬೇಕು. ಯಾವ ಸಾಲಿಗೂ ಸೇರದೆ, ಒಂಟಿಯಾಗಿ, ಬಿಲವನ್ನು ಅರಸುತ್ತ ಆತುರದಿಂದ ಓಡುವ ದಪ್ಪನೆಯ ಇರುವೆಯೊಂದು ಕಂಡರೆ ಅದರ ಎದೆಯ ಭಾಗವನ್ನು ನೋಡಿರಿ. ಹಾರಾಟದ ಸ್ನಾಯುಗಳನ್ನು ಹೊತ್ತ ಎದೆ ಗೂನಿನಂತೆ ಉಬ್ಬಿರುತ್ತದೆ. ಇಕ್ಕೆಲಗಳಲ್ಲಿ ರೆಕ್ಕೆ ಮುರಿದ ಗುರುತು ಇರುತ್ತದೆ. ಚಗಳಿಯ ರಾಣಿಯದು ಹಸುರು ಮೈ; ಅದನ್ನು ನೆಲದ ಮೇಲಲ್ಲ, ಮರದ ಎಲೆಗಳ ನಡುವೆ ಹುಡುಕಬೇಕು. ದೀಪಕ್ಕೆ ಬರುವ ಕಂದು ಬಣ್ಣದ, ಉದ್ದ ಹೊಟ್ಟೆಯ ಹುಳುವೊಂದನ್ನು ಕಣಜವೆಂದು ಬಗೆಯುವುದುಂಟು. ಅದು ನೆಲದೊಳಗೆ ಬಾಳುವ ಡೋರಿಲಸ್ ಎಂಬ ದಂಡಿರುವೆಯ ಗಂಡು. ಈ ತಪ್ಪಿಗೆ ಯಾರೂ ನಾಚಬೇಕಾಗಿಲ್ಲ. 1764ರಲ್ಲಿ ಲಿನೀಯಸನೇ ಆಫ್ರಿಕದ ಅಂಥ ಗಂಡೊಂದನ್ನು ಕಣಜಗಳ ಪಂಕ್ತಿಯಲ್ಲಿ ಸೇರಿಸಿದ್ದನು! ಈ ಇರುವೆಯ ರಾಣಿಗಾದರೋ ಕಣ್ಣೂ ಇಲ್ಲ, ರೆಕ್ಕೆಯೂ ಇಲ್ಲ. ಯಾವ ದೀಪಕ್ಕೂ ಅದು ಬಾರದು.

ಹೀಗೆ ಅರಸಿ ಕಂಡುಕೊಂಡ ರಾಣಿಯನ್ನು ಏನು ಮಾಡಬೇಕು? ಇಲ್ಲಿಯೇ ನಾನು ಒಂದು ಮಾತು ಹೇಳಬಯಸುತ್ತೇನೆ. ಪ್ರೌಢಶಾಲೆಯಲ್ಲಿದ್ದಾಗ ನಾನೂ ಗೊದ್ದದ ರಾಣಿಯೊಂದನ್ನು ಹಿಡಿದು ಮಸಿಯ ಶೀಸೆಯಲ್ಲಿಟ್ಟಿದ್ದೆ. ಕೆಲವು ದಿನಗಳಲ್ಲಿ ಬಿಳಿಯ ಮೊಟ್ಟೆಗಳ ಗೊಂಚಲು ಕಾಣಿಸಿತು. ಹಿಗ್ಗಿ ಹೋಗಿ, ಶೀಸೆಯನ್ನು ದಿನಕ್ಕೆ ಹತ್ತು ಬಾರಿ ಬೆಳಕಿಗೆ ಹಿಡಿದು ಗೆಳೆಯರಿಗೆಲ್ಲ ತೋರಿಸಿದೆ. ವಾರ ಕಳೆಯುವಷ್ಟರಲ್ಲಿ ಮೊಟ್ಟೆಗಳು ಮಾಯವಾದವು. ಬೆಳಕಿಗೂ ಅಲುಗಾಟಕ್ಕೂ ಬೆದರಿದ ರಾಣಿ ಅವನ್ನು ತಾನೇ ತಿಂದುಬಿಟ್ಟಿತ್ತು. ಮುಂದೆ ಕೆಲವು ದಿನಗಳಲ್ಲಿ ಅದೂ ಸತ್ತಿತು. ನನ್ನಲ್ಲಿ ಉಳಿದದ್ದೇನು? ಹಿಡಿದ ತಾರೀಖನ್ನು ಕೂಡ ನಾನು ಬರೆದಿಟ್ಟಿರಲಿಲ್ಲ. ಯಾವ ಮಳೆಯ ಮರುದಿನ, ಎಷ್ಟು ಗಂಟೆಗೆ, ಎಂಥ ನೆಲದಲ್ಲಿ ಅದು ಸಿಕ್ಕಿತೆಂದು ಇಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ರಾಣಿಯನ್ನು ಹಿಡಿಯುವುದಕ್ಕಿಂತ ಅದು ಹಾರಿದ ದಿನವನ್ನು ಹಿಡಿದಿಡುವುದು ಹೆಚ್ಚಿನ ಕೆಲಸವೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ನನ್ನ ಅವಸರ ಒಂದು ರಾಣಿಯೊಡನೆ ಮುಗಿಯಿತು. ಈಗ ಇರುವೆ ಸಾಕುವುದು ಹಲವು ದೇಶಗಳಲ್ಲಿ ಹವ್ಯಾಸವಾಗಿದೆ. ಹವ್ಯಾಸದ ಬೆನ್ನಿಗೆ ವ್ಯಾಪಾರವೂ ಬಂದಿದೆ. 2025ರ ಏಪ್ರಿಲಿನಲ್ಲಿ ಬೆಲ್ಜಿಯಂ ದೇಶದ 19 ವರ್ಷದ ಇಬ್ಬರು ತರುಣರು ಕೀನ್ಯಾ ದೇಶದಲ್ಲಿ ಸುಮಾರು 5,000 ರಾಣಿಯಿರುವೆಗಳೊಡನೆ ಸಿಕ್ಕಿಬಿದ್ದರು. ಅವನ್ನು ಎರಡು ಸಾವಿರಕ್ಕೂ ಹೆಚ್ಚು ಕೊಳವೆಗಳಲ್ಲಿ ಹತ್ತಿಯಿಟ್ಟು ತುಂಬಿದ್ದರು. ಮೇ ತಿಂಗಳಲ್ಲಿ ಅಲ್ಲಿಯ ನ್ಯಾಯಾಲಯ ಅವರಿಗೆ ತಲಾ ಹತ್ತು ಲಕ್ಷ ಕೀನ್ಯಾ ಶಿಲ್ಲಿಂಗುಗಳ ದಂಡ ವಿಧಿಸಿತು. ಅವು ಹುಲ್ಲಿನ ಬೀಜಗಳನ್ನು ಕೂಡಿಡುವ ದೊಡ್ಡ ಇರುವೆಗಳು. ಅಷ್ಟು ರಾಣಿಗಳನ್ನು ಹೊತ್ತೊಯ್ಯುವುದೆಂದರೆ ಅಷ್ಟು ಗೂಡುಗಳು ಮೂಡಬಹುದಾಗಿದ್ದ ಸಂಭವವನ್ನೇ ಆ ನೆಲದಿಂದ ಕಿತ್ತೊಯ್ದಂತೆ. ಈ ಲೇಖನವನ್ನು ಓದುವ ಕಾಲೇಜು ವಿದ್ಯಾರ್ಥಿಗಳ ವಯಸ್ಸೇ ಆ ತರುಣರದೂ ಆಗಿತ್ತೆಂಬುದನ್ನು ನೆನೆಯಬೇಕು.

ಇದಕ್ಕೆ ಆಕ್ಷೇಪವೊಂದು ಏಳಬಹುದು. ಹಾರಿದ ರಾಣಿಗಳಲ್ಲಿ ಗೂಡು ಕಟ್ಟುವವರೆಗೆ ಬದುಕುವವು ತೀರ ಕೆಲವೇ. ಹಲ್ಲಿಯ ಬಾಯಿಗೆ ಬೀಳುವುದನ್ನು ನಾವು ಹಿಡಿದರೆ ಕೇಡೇನು? ಮಾತು ನ್ಯಾಯವಾದದ್ದೇ. ಒಬ್ಬ ವಿದ್ಯಾರ್ಥಿ ಒಂದು ರಾಣಿಯನ್ನು ಸಾಕಿದರೆ ಜಗತ್ತಿಗೆ ನಷ್ಟವಿಲ್ಲ. ಕಲಿಕೆಗೆ ಲಾಭವೇ ಇದೆ. ಆದರೆ ಆ ಒಂದಕ್ಕೆ ಕತ್ತಲೆ, ತೇವ, ಶಾಂತಿಗಳನ್ನು ಒದಗಿಸಬೇಕು. ಎಲ್ಲ ರಾಣಿಗಳೂ ಗೊದ್ದದಂತೆ ಉಪವಾಸವಿರುವುದಿಲ್ಲ ಎಂಬುದನ್ನೂ ಅರಿತಿರಬೇಕು. ಮಲೆನಾಡಿನ ಜಿಗಿಯುವ ಇರುವೆಯ ರಾಣಿ ಮೊದಲ ಮರಿಗಳಿಗಾಗಿ ಹೊರಗೆ ಹೋಗಿ ಬೇಟೆಯಾಡುತ್ತದೆ. ಸಾಕಿದ ಬಳಿಕ ಹಿಡಿದ ಜಾಗದಲ್ಲಿಯೇ ಬಿಡಬೇಕು. ಮಾರುವುದು, ಬೇರೆ ಸೀಮೆಗೆ ಒಯ್ಯುವುದು ಸರ್ವಥಾ ಕೂಡದು. ದಕ್ಷಿಣ ಅಮೆರಿಕದ ಕೆಂಪು ಬೆಂಕಿಯಿರುವೆ 1930ರ ದಶಕದಲ್ಲಿ ಮೊಬೀಲ್ ಬಂದರಿನ ಮೂಲಕ ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಹೊಕ್ಕಿತು. ಕೋಟಿಗಟ್ಟಲೆ ಹಣ ಸುರಿದರೂ ಅದನ್ನು ಆ ದೇಶ ಇನ್ನೂ ಹೊರಗಟ್ಟಲಾಗಿಲ್ಲ.

ದಿನವನ್ನು ಬರೆದಿಡುವುದರಿಂದ ಏನಾದೀತು ಎಂದು ಕೇಳುವವರಿಗೆ ಬ್ರಿಟನ್ನಿನ ನಿದರ್ಶನ ಸಾಕು. ಅಲ್ಲಿ ಹಾರುವ ಇರುವೆಗಳ ದಿನವೆಂಬುದೊಂದಿದೆ. ನಾಡಿನ ಇರುವೆಗಳೆಲ್ಲ ಆ ಒಂದೇ ದಿನ ಹಾರುತ್ತವೆಂದು ಜನ ನಂಬಿದ್ದರು. 2012ರಿಂದ 2014ರವರೆಗೆ ಮೂರು ವರ್ಷ ಸಾಮಾನ್ಯ ಜನರೇ ತಾವು ಕಂಡ ಹಾರಾಟಗಳನ್ನು ಬರೆದು ಕಳುಹಿಸಿದರು. 13,000ಕ್ಕೂ ಹೆಚ್ಚು ವರದಿಗಳು ಬಂದವು. ಅವನ್ನು ಜೋಡಿಸಿ ನೋಡಿದಾಗ ನಂಬಿಕೆ ನಿಲ್ಲಲಿಲ್ಲ. ಹಾರಾಟ ಅನೇಕ ದಿನಗಳಲ್ಲಿ ನಡೆಯುತ್ತಿತ್ತು. ಉಷ್ಣತೆ 13 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಾಗಿಯೂ, ಗಾಳಿಯ ವೇಗ ಸೆಕೆಂಡಿಗೆ 6.3 ಮೀಟರಿಗಿಂತ ಕಡಿಮೆಯಾಗಿಯೂ ಇದ್ದಾಗ ಮಾತ್ರ ಇರುವೆಗಳು ಹಾರುತ್ತಿದ್ದವು. ನಮ್ಮ ಬೇಸಗೆಗೆ ಈ 13 ಡಿಗ್ರಿಯ ಲೆಕ್ಕ ಹೊಂದುವುದಿಲ್ಲ. ನಮ್ಮ ಲೆಕ್ಕವನ್ನು ನಾವೇ ಮಾಡಬೇಕು.

ಅದಕ್ಕೆ ಬೇಕಾದುದು ಒಂದು ಟಿಪ್ಪಣಿ ಪುಸ್ತಕ, ಒಂದು ಕೈಮಸೂರ. ತಾರೀಖು, ಗಂಟೆ, ಊರು, ಮಳೆ ನಿಂತು ಎಷ್ಟು ಹೊತ್ತಾಗಿತ್ತು, ಗಾಳಿ ಹೇಗಿತ್ತು, ಇರುವೆಗೆ ರೆಕ್ಕೆಯಿತ್ತೇ ಇಲ್ಲವೇ, ಇಷ್ಟನ್ನು ಬರೆಯಿರಿ. ಜಾತಿ ತಿಳಿಯದಿದ್ದರೆ ಚಿತ್ರ ಬರೆಯಿರಿ, ಇಲ್ಲವೇ ಛಾಯಾಚಿತ್ರ ತೆಗೆಯಿರಿ. ಎಷ್ಟೋ ಇರುವೆ ಜಾತಿಗಳನ್ನು ದುಡಿಮೆಗಾರ ಇರುವೆಯನ್ನು ಮಾತ್ರ ನೋಡಿ ವರ್ಣಿಸಲಾಗಿದೆ; ಅವುಗಳ ರಾಣಿಯ ವರ್ಣನೆ ಗ್ರಂಥಗಳಲ್ಲಿ ಇನ್ನೂ ಸೇರಿಲ್ಲ. ಮತ್ತೊಂದು ಮಾತು: ಮಳೆ ಬಂದರೂ ಇರುವೆ ಹಾರದ ದಿನವನ್ನು ತಪ್ಪದೆ ಬರೆಯಿರಿ. ಹಾರಿದ ದಿನಗಳ ಪಟ್ಟಿಯೊಂದೇ ಇದ್ದರೆ ಮಳೆಯೇ ಕಾರಣವೋ, ಗಾಳಿಯೋ, ಸೆಕೆಯೋ ಎಂದು ತೀರ್ಮಾನಿಸುವುದು ಸಾಧ್ಯವಿಲ್ಲ.

ನಮ್ಮ ರೈತರು ಮಳೆಗಳಿಗೆ ನಕ್ಷತ್ರಗಳ ಹೆಸರಿಟ್ಟು, ಯಾವ ಮಳೆ ಬಂತು, ಯಾವುದು ತಪ್ಪಿತೆಂದು ತಲೆಮಾರುಗಳಿಂದ ಲೆಕ್ಕವಿಟ್ಟವರು. ಈಗ ಮಳೆಗಳ ಕಾಲ ಏರುಪೇರಾಗುತ್ತಿದೆಯೆಂದು ಎಲ್ಲರೂ ಹೇಳುತ್ತಾರೆ. ಇರುವೆಗಳೂ ತಮ್ಮ ಕಾಲವನ್ನು ಬದಲಿಸುತ್ತಿವೆಯೇ? ಒಂದು ಶಾಲೆಯ ಮಕ್ಕಳು ಹತ್ತು ವರ್ಷ ಒಂದೇ ಪುಸ್ತಕದಲ್ಲಿ ಬರೆದರೆ ಉತ್ತರದ ಮೊದಲ ಸಾಲು ಅಲ್ಲಿ ದೊರೆಯಬಹುದು. ಮೊದಲ ಮಳೆ ಬೀಳುವ ಕಾಲಕ್ಕೆ ಶಾಲೆಗಳಿಗೆ ಹೇಗೂ ಬೇಸಗೆಯ ರಜೆ. ಬಿಡುವಿಲ್ಲವೆಂಬ ನೆಪಕ್ಕೂ ಎಡೆಯಿಲ್ಲ. ಅಂದು ಸಂಜೆ ದೀಪವಾರಿಸುವ ಮೊದಲು ಗಡಿಯಾರವನ್ನೊಮ್ಮೆ ನೋಡಿ ಹೊತ್ತನ್ನು ಗುರುತಿಸಿಕೊಳ್ಳಿರಿ; ಮರುದಿನ ಪೊರಕೆ ಹಿಡಿಯುವ ಮೊದಲು ಅಂಗಳದ ನೆಲವನ್ನೊಮ್ಮೆ ಬಾಗಿ ನೋಡಿರಿ.