ಗುಡ್ಡದ ಮೇಲಿನ ರನ್‌ವೇ ಮತ್ತು 'ನಯವಾದ' ಇಳಿಕೆಯ ಭ್ರಮೆ

ಬೆಂಗಳೂರಿನಿಂದ ಹೊರಟ ವಿಮಾನ ಘಟ್ಟ ದಾಟಿ ಮಂಗಳೂರಿನತ್ತ ತಗ್ಗತೊಡಗಿದಾಗ ಕಿಟಕಿ ಪಕ್ಕದ ಆಸನ ಸಿಕ್ಕವರಿಗೆ ಕಾಣುವ ನೋಟ ಸುಲಭವಾಗಿ ಮರೆಯುವಂಥದ್ದಲ್ಲ. ಅಡಕೆ ಮತ್ತು ತೆಂಗಿನ ತೋಟಗಳು, ಕೆಂಪು ಹೆಂಚಿನ ಮಾಡುಗಳು, ಬಳಸಿ ಹರಿಯುವ ಫಲ್ಗುಣಿ ನದಿ, ಅದರಾಚೆ ಅರಬ್ಬೀ ಸಮುದ್ರ. ವಿಮಾನ ಸಾಕಷ್ಟು ಕೆಳಗಿಳಿದ ಮೇಲೂ ಕಣ್ಣಿಗೆ ಬೀಳುವುದು ಕಣಿವೆಯೇ ಹೊರತು ರನ್‌ವೇ ಅಲ್ಲ. ಇನ್ನೇನು ಮರದ ತುದಿಗೆ ಚಕ್ರ ತಾಗಿತು ಎನ್ನುವಷ್ಟರಲ್ಲಿ ಗುಡ್ಡದ ಅಂಚು ಕಾಣಿಸಿಕೊಳ್ಳುತ್ತದೆ. ಅದರ ಬೆನ್ನಿಗೇ ರನ್‌ವೇ. ಮೊದಲ ಬಾರಿ ಬರುವವರು ಉಸಿರು ಬಿಗಿಹಿಡಿಯುತ್ತಾರೆ. ವಾರಕ್ಕೊಮ್ಮೆ ಓಡಾಡುವವರು ಪತ್ರಿಕೆಯಿಂದ ತಲೆ ಎತ್ತುವುದಿಲ್ಲ.

ಜಗತ್ತಿನ ಎಲ್ಲೆಡೆ ವಿಮಾನಯಾನಿಗಳ ಬಳಿ ಇಂಥ ಒಂದಾದರೂ ಕಥೆ ಇರುತ್ತದೆ. 1998ರ ಜುಲೈನಲ್ಲಿ ಮುಚ್ಚಿದ ಹಾಂಗ್‌ಕಾಂಗ್‌ನ ಕಾಯ್ ಟಾಕ್ ನಿಲ್ದಾಣಕ್ಕೆ ವಿಮಾನಗಳು ವಸತಿ ಕಟ್ಟಡಗಳ ನೆತ್ತಿ ಸವರಿಕೊಂಡು ಇಳಿಯುತ್ತಿದ್ದವು. ಭೂತಾನದ ಪಾರೊ, ನೇಪಾಳದ ಲುಕ್ಲಾಗಳಿಗೆ ಹೋಗಿ ಬಂದವರು ಪ್ರವಾಸದ ಉಳಿದ ಸಂಗತಿಗಳನ್ನು ಮರೆತರೂ ಇಳಿದ ಕ್ಷಣವನ್ನು ಮರೆಯುವುದಿಲ್ಲ. ಈ ಕಥೆಗಳ ಕೊನೆಗೆ ಸಾಮಾನ್ಯವಾಗಿ ಪೈಲಟ್‌ಗೆ ಒಂದು ಪ್ರಶಂಸೆ ಇರುತ್ತದೆ: ಎಷ್ಟು ನಯವಾಗಿ ಇಳಿಸಿದರು, ಚಕ್ರ ನೆಲಕ್ಕೆ ತಾಗಿದ್ದೇ ಗೊತ್ತಾಗಲಿಲ್ಲ!

ತೊಡಕಿರುವುದು ಈ ಪ್ರಶಂಸೆಯಲ್ಲೇ. ಪ್ರಯಾಣಿಕನ ಅಳತೆಗೋಲೇ ಬೇರೆ, ವಿಮಾನ ಸುರಕ್ಷತೆಯ ಅಳತೆಗೋಲೇ ಬೇರೆ. ಸುಮಾರು ಮೂರು ಡಿಗ್ರಿ ಇಳಿಜಾರಿನಲ್ಲಿ, ನಿಗದಿತ ವೇಗದಲ್ಲಿ ಬಂದು, ರನ್‌ವೇಯ ಆರಂಭದಿಂದ ಸುಮಾರು 300 ಮೀಟರ್ ಆಸುಪಾಸಿನಲ್ಲಿ ನೆಲ ಮುಟ್ಟುವುದು ಒಳ್ಳೆಯ ಇಳಿಕೆ. ಮಳೆಯಲ್ಲಿ ನೆನೆದ ರನ್‌ವೇಯ ಮೇಲೆ ತುಸು ಗಟ್ಟಿಯಾಗಿಯೇ ಕುಳಿತುಕೊಳ್ಳುವುದು ಲೇಸು. ಚಕ್ರಗಳು ನೀರಿನ ಪದರವನ್ನು ಸೀಳಿ ನೆಲ ಹಿಡಿಯಬೇಕಲ್ಲ. ನಯವಾಗಿ ಇಳಿಸುವ ಆಸೆಯಿಂದ ವಿಮಾನ ತೇಲುತ್ತ ಹೋದಷ್ಟೂ ಹಿಂದೆ ಉಳಿಯುವ ರನ್‌ವೇ ಹೆಚ್ಚು, ಮುಂದಿರುವುದು ಕಡಿಮೆ. ಇನ್ನು ಎಲ್ಲವೂ ಸರಿಯಿಲ್ಲವೆನಿಸಿದರೆ ಇಳಿಯದೆ ಮತ್ತೆ ಮೇಲೇರಿಬಿಡುವುದು, ಅಂದರೆ 'ಗೋ ಅರೌಂಡ್' ಮಾಡುವುದು ನಿಯಮ. ಪ್ರಯಾಣಿಕರ ಲೆಕ್ಕದಲ್ಲಿ ಮಾತ್ರ ಅದು ಪೈಲಟ್‌ನ ಸೋಲು. ಅರ್ಧ ತಾಸು ತಡವಾಯಿತೆಂಬ ಗೊಣಗಾಟ ಬೇರೆ.

ಮಂಗಳೂರಿನ ಮಟ್ಟಿಗೆ ಈ ಎರಡು ಅಳತೆಗಳ ಅಂತರಕ್ಕೆ ತೆತ್ತ ಬೆಲೆ 158 ಜೀವ.

2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ವಿಮಾನದಲ್ಲಿ 166 ಮಂದಿ ಇದ್ದರು. ಬದುಕಿ ಬಂದವರು ಎಂಟೇ ಜನ. ಅಂದು ಮಳೆ ಇರಲಿಲ್ಲ, ರನ್‌ವೇ ಸ್ಪಷ್ಟವಾಗಿ ಕಾಣುತ್ತಿತ್ತು. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯದ ವರದಿ ಕಾಕ್‌ಪಿಟ್‌ನ ಧ್ವನಿಮುದ್ರಿಕೆಯ ಆಧಾರದ ಮೇಲೆ ಕೊಡುವ ಚಿತ್ರ ಆಘಾತಕಾರಿ. ಕ್ಯಾಪ್ಟನ್ ಒಂದೂವರೆ ತಾಸಿಗೂ ಹೆಚ್ಚು ಕಾಲ ನಿದ್ರೆಯಲ್ಲಿದ್ದರು. ಮಂಗಳೂರಿನ ರಾಡಾರ್ ಎರಡು ದಿನಗಳಿಂದ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ವಿಮಾನ ಕೆಳಗಿಳಿಯಲು ಆರಂಭಿಸಿದ್ದೇ ತಡ. ರನ್‌ವೇಯ ಅಂಚನ್ನು ಸುಮಾರು 50 ಅಡಿ ಎತ್ತರದಲ್ಲಿ, 144 ನಾಟ್ ವೇಗದಲ್ಲಿ ದಾಟಬೇಕಿದ್ದ ವಿಮಾನ ಸುಮಾರು 200 ಅಡಿ ಎತ್ತರದಲ್ಲಿ, 160 ನಾಟ್‌ಗೂ ಮೀರಿದ ವೇಗದಲ್ಲಿ ದಾಟಿತು. ನೆಲ ಮುಟ್ಟಿದ್ದು ಸುಮಾರು 5,200 ಅಡಿ ಕಳೆದ ಮೇಲೆ. ಇಡೀ ರನ್‌ವೇಯ ಉದ್ದವೇ ಎಂಟು ಸಾವಿರ ಅಡಿಯಷ್ಟು.

ಸಹ ಪೈಲಟ್ ಮೂರು ಬಾರಿ 'ಗೋ ಅರೌಂಡ್' ಎಂದಿದ್ದರು. ನೆಲ ಸಮೀಪಿಸುತ್ತಿರುವ ಬಗ್ಗೆ ಯಂತ್ರವೂ ಪದೇಪದೇ ಎಚ್ಚರಿಸಿತ್ತು. ಕ್ಯಾಪ್ಟನ್ ಕಿವಿಗೊಡಲಿಲ್ಲ. ಇಳಿದ ಮೇಲಾದರೂ ಪೂರ್ಣ ಬಲದಿಂದ ಬ್ರೇಕ್ ಹಾಕಿದ್ದರೆ ವಿಮಾನ ರನ್‌ವೇಯೊಳಗೇ ನಿಲ್ಲುತ್ತಿತ್ತು ಎಂಬುದು ಬೋಯಿಂಗ್ ಕಂಪನಿಯ ಲೆಕ್ಕಾಚಾರ. ಆದರೆ ವೇಗ ತಗ್ಗಿಸುವ ರಿವರ್ಸರ್‌ಗಳನ್ನು ತೆರೆದ ನಂತರ, ಅಂದರೆ ಹಾಗೆ ಮಾಡಲೇಬಾರದ ಹೊತ್ತಿನಲ್ಲಿ, ಮತ್ತೆ ಮೇಲೇರಲು ಯತ್ನಿಸಲಾಯಿತು. ರನ್‌ವೇ ಮುಗಿದು, ಆಚೆಗಿದ್ದ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ರೆಕ್ಕೆ ಬಡಿದು ವಿಮಾನ ಕಣಿವೆಗೆ ಉರುಳಿತು.

ಕ್ಯಾಪ್ಟನ್ ಕಿವಿಗೊಡದಿದ್ದುದು ಏಕೆ? ನಿದ್ದೆಯ ಮಂಪರು ವರದಿ ಗುರುತಿಸಿದ ಕಾರಣಗಳಲ್ಲಿ ಒಂದು. ಮೇಲಿನವರು ಮಾತು ಕೇಳದಿದ್ದರೆ ಸಹ ಪೈಲಟ್ ತಾನೇ ನಿಯಂತ್ರಣ ಕೈಗೆತ್ತಿಕೊಂಡು ವಿಮಾನವನ್ನು ಮೇಲೇರಿಸಬೇಕೆಂಬ ಸ್ಪಷ್ಟ ವಿಧಿ ಇರಲಿಲ್ಲವೆಂಬುದು ಇನ್ನೊಂದು. ಹೆಚ್ಚು ಚರ್ಚೆಯಾಗದ ಅಂಶವೂ ಒಂದಿದೆ. ಗಟ್ಟಿಯಾಗಿ ಇಳಿಸಿದ ಪೈಲಟ್‌ಗಳನ್ನು ಸಂಸ್ಥೆ ಕರೆಸಿ ವಿಚಾರಿಸುತ್ತಿದ್ದ ರೀತಿಯತ್ತಲೂ ವರದಿ ಬೊಟ್ಟು ಮಾಡಿತ್ತು. ಗಟ್ಟಿ ಇಳಿಕೆಗೆ ವಿವರಣೆ ಕೊಡಬೇಕೆಂದಾದರೆ ಪೈಲಟ್ ನಯವಾದ ಇಳಿಕೆಯತ್ತ ವಾಲುವುದು ಸಹಜ. ಪ್ರಯಾಣಿಕನ ಅಳತೆಗೋಲು ಸಂಸ್ಥೆಯ ಕಡತಕ್ಕೂ ಸೇರಿಕೊಂಡರೆ ಹೀಗಾಗುತ್ತದೆ.

ಹತ್ತು ವರ್ಷಗಳ ನಂತರ ಇದೇ ಕಥೆ ಕೋಯಿಕ್ಕೋಡ್‌ನಲ್ಲಿ ಮರುಕಳಿಸಿತು. ಅದೂ ಗುಡ್ಡ ಕಡಿದು ಮಾಡಿದ ರನ್‌ವೇ, ವಿಮಾನವೂ ದುಬೈಯಿಂದ ಬಂದದ್ದು, ಸಂಸ್ಥೆಯೂ ಅದೇ. 2020ರ ಆಗಸ್ಟ್ 7ರ ರಾತ್ರಿ ಭಾರಿ ಮಳೆ ಇತ್ತು. ಒಮ್ಮೆ ಇಳಿಯಲು ಯತ್ನಿಸಿ ಮೇಲೇರಿದ ವಿಮಾನ, ಎರಡನೆಯ ಬಾರಿ ಎದುರು ದಿಕ್ಕಿನಿಂದ, ಹಿಂದಿನಿಂದ ಗಾಳಿ ತಳ್ಳುತ್ತಿರುವಾಗಲೇ ಇಳಿದು, 8,858 ಅಡಿ ಉದ್ದದ ರನ್‌ವೇಯಲ್ಲಿ 4,438 ಅಡಿ ಕಳೆದ ಮೇಲೆ ನೆಲ ಮುಟ್ಟಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಮಂದಿ ಮೃತಪಟ್ಟರು. ಅಲ್ಲಿಯೂ ಸಹ ಪೈಲಟ್ 'ಗೋ ಅರೌಂಡ್' ಎಂದಿದ್ದರು. ಮರುದಿನ ಬೆಳಗ್ಗೆ ಕೋಯಿಕ್ಕೋಡ್‌ನಿಂದ ಹೊರಡಬೇಕಿದ್ದ ವಿಮಾನಕ್ಕೂ ಅದೇ ಕ್ಯಾಪ್ಟನ್ ನಿಯೋಜಿತರಾಗಿದ್ದರು, ಅಲ್ಲಿ ಸಾಕಷ್ಟು ಕ್ಯಾಪ್ಟನ್‌ಗಳಿರಲಿಲ್ಲ ಎಂಬುದನ್ನು 2021ರ ತನಿಖಾ ವರದಿ ದಾಖಲಿಸಿದೆ. ಮಂಗಳೂರಿನ ಪಾಠ ಕೋಯಿಕ್ಕೋಡ್‌ನ ಕಾಕ್‌ಪಿಟ್ ತಲುಪಿರಲಿಲ್ಲವೆಂದೇ ಹೇಳಬೇಕಾಗುತ್ತದೆ.

ಎಲ್ಲ ಹೊಣೆಯನ್ನೂ ಗುಡ್ಡದ ಮೇಲೆ ಹೊರಿಸುವುದು ಸರಿಯಲ್ಲ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿದ್ದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್, ರನ್‌ವೇಗೆ ಬಹಳ ಮೊದಲೇ ಗಾಲ್ಫ್ ಮೈದಾನಕ್ಕೆ ಬಡಿದು 92 ಮಂದಿ ಸತ್ತರು. ಅಲ್ಲಿ ಕಣಿವೆ ಇರಲಿಲ್ಲ. ಹಗಲಿನ ತಿಳಿಯಾದ ಆಕಾಶವಿತ್ತು. ಬಜ್ಪೆಯಲ್ಲಿ 1951ರಿಂದ ವಿಮಾನಗಳು ಇಳಿಯುತ್ತಿವೆ. ಈಗ ಬಳಕೆಯಲ್ಲಿರುವ 2,450 ಮೀಟರ್ ರನ್‌ವೇ 2006ರಲ್ಲಿ ಆರಂಭವಾಗುವ ಮುನ್ನ ಇದ್ದುದು 1,615 ಮೀಟರ್‌ನದ್ದು. ಗುಡ್ಡ ತಪ್ಪು ಮಾಡಿಸುವುದಿಲ್ಲ, ಮಾಡಿದ ತಪ್ಪನ್ನು ತಿದ್ದಿಕೊಳ್ಳಲು ಜಾಗ ಕೊಡುವುದಿಲ್ಲ ಅಷ್ಟೆ.

ಹಾಗಾಗಿಯೇ ಮುಂಗಾರಿನ ದಿನಗಳಲ್ಲಿ ಮಂಗಳೂರಿನಲ್ಲಿ ಇಳಿಯಲಾಗದೆ ಬೆಂಗಳೂರಿಗೋ ಕೊಚ್ಚಿಗೋ ತಿರುಗುವ ವಿಮಾನಗಳ ಸುದ್ದಿಯನ್ನು ಓದಬೇಕಾದ ಬಗೆ ಬೇರೆ. 'ಪ್ರಯಾಣಿಕರ ಪರದಾಟ' ಎಂಬ ಶೀರ್ಷಿಕೆ ಸುಳ್ಳಲ್ಲ. ಮದುವೆ ತಪ್ಪಿದವರಿಗೆ, ಆಸ್ಪತ್ರೆ ಸೇರಬೇಕಾದವರಿಗೆ ಅದು ನಿಜವಾದ ಸಂಕಟ. ಆದರೆ ಅಂಥ ಪ್ರತಿ ಸುದ್ದಿಯ ಹಿಂದೆ, ಸಾಲದು ಎಂದು ಯಾರೋ ಹೇಳಿದ್ದಾರೆ, ಇನ್ನೊಬ್ಬರು ಕೇಳಿಸಿಕೊಂಡಿದ್ದಾರೆ. ಮಳೆಯಲ್ಲಿ ಅದೇ ದಿನ ಇನ್ನೊಂದು ಸಂಸ್ಥೆಯ ವಿಮಾನ ಇಳಿಯಿತಲ್ಲ ಎಂದು ಕೌಂಟರ್ ಮುಂದೆ ಕೂಗಾಡುವುದರಲ್ಲಿ ಅರ್ಥವಿಲ್ಲ. ಹತ್ತು ನಿಮಿಷದಲ್ಲಿ ಕರಾವಳಿಯ ಗಾಳಿ ಎಷ್ಟು ಬದಲಾಗಬಲ್ಲದೆಂಬುದು ಮಂಗಳೂರಿಗರಿಗೆ ಹೇಳಿಕೊಡಬೇಕಾದ ವಿಷಯವೇನೂ ಅಲ್ಲ.

ಕಾಕ್‌ಪಿಟ್ ಎಡವಿದಾಗಲೂ ನೆಲ ಕಾಪಾಡಬೇಕೆಂಬುದು ಎರಡನೆಯ ಮಾತು. ರನ್‌ವೇ ತುದಿಯಾಚೆಗಿನ ಸುರಕ್ಷತಾ ಪ್ರದೇಶ ಕನಿಷ್ಠ 90 ಮೀಟರ್ ಇರಬೇಕೆಂಬುದು ಅಂತಾರಾಷ್ಟ್ರೀಯ ನಿಯಮ, 240 ಮೀಟರ್ ಇದ್ದರೆ ಒಳಿತೆಂಬುದು ಶಿಫಾರಸು. 2010ರಲ್ಲಿ ಮಂಗಳೂರಿನಲ್ಲಿ ಇದ್ದುದು 90. ಗುಡ್ಡದ ತುದಿಯಲ್ಲಿ ಇದನ್ನು ವಿಸ್ತರಿಸಬೇಕಾದರೆ ಒಂದೋ ಕಣಿವೆ ತುಂಬಿಸಬೇಕು, ಇಲ್ಲವೇ ರನ್‌ವೇಯನ್ನೇ ಕಿರಿದುಗೊಳಿಸಬೇಕು. ಮೊದಲನೆಯದಕ್ಕೆ ಜಮೀನು ಮತ್ತು ಹಣ ಬೇಕು, ಎರಡನೆಯದರಿಂದ ದೊಡ್ಡ ವಿಮಾನಗಳು ಕೈತಪ್ಪುತ್ತವೆ. ಬರೀ ಉದ್ದವೂ ಸಾಲದು. ಕೋಯಿಕ್ಕೋಡ್‌ನ ವಿಮಾನ ತುದಿಯ ಸುರಕ್ಷತಾ ಪ್ರದೇಶವನ್ನೂ ದಾಟಿಯೇ ಕೆಳಗೆ ಬಿದ್ದದ್ದು.

ಇದಕ್ಕೆಂದೇ ಸುಲಭವಾಗಿ ಪುಡಿಯಾಗುವ ವಿಶೇಷ ಕಾಂಕ್ರೀಟ್‌ನ ಹಾಸು ಇದೆ. ಮಿತಿಮೀರಿ ಬಂದ ವಿಮಾನದ ಚಕ್ರಗಳು ಅದರಲ್ಲಿ ಹೂತುಕೊಂಡು ವೇಗ ಇಳಿಯುತ್ತದೆ. ನೀರಿನಂಚಿನಲ್ಲಿರುವ ನ್ಯೂಯಾರ್ಕ್‌ನ ಕೆನಡಿ ನಿಲ್ದಾಣದಲ್ಲಿ 1996ರಲ್ಲೇ ಇದನ್ನು ಹಾಸಲಾಯಿತು. ಗೋಖಲೆ ವರದಿ ಇಂಥ ಏರ್ಪಾಟನ್ನು ಭಾರತದ ಗುಡ್ಡದ ಮೇಲಿನ ನಿಲ್ದಾಣಗಳಿಗೂ ಸೂಚಿಸಿತ್ತು. ಕೋಯಿಕ್ಕೋಡ್‌ನಲ್ಲಿ ಅದು ಇರಲಿಲ್ಲ. ಕೆನಡಿ ನಿಲ್ದಾಣದಲ್ಲಿ ಮಾತ್ರ 1999ರಲ್ಲಿ ಒಂದು ಪುಟ್ಟ ಪ್ರಯಾಣಿಕ ವಿಮಾನವನ್ನೂ, 2003ರಲ್ಲಿ ಒಂದು ಎಂಡಿ-11 ಸರಕು ವಿಮಾನವನ್ನೂ, 2005ರ ಜನವರಿಯಲ್ಲಿ ಬೋಯಿಂಗ್ 747 ಸರಕು ವಿಮಾನವನ್ನೂ ಆ ಹಾಸು ಹಿಡಿದು ನಿಲ್ಲಿಸಿತು.