ಶೋಕಕ್ಕೆ ಕಥೆಯ ಆಸರೆ

ಸತ್ತವರು ಮರಳಿ ಬರುವುದಿಲ್ಲವೆಂದು ಒಪ್ಪಿಕೊಂಡೂ ಬದುಕಿನಲ್ಲಿ ಭರವಸೆ ತಾಳಬಹುದೇ? ಪ್ರಾಚೀನ ಧಾರ್ಮಿಕ ಕಥೆಗಳು ಇದಕ್ಕೆ ಎರಡು ಬಗೆಯ ಉತ್ತರ ಕೊಡುತ್ತವೆ. ಸಾವಿತ್ರಿಗೆ ಗಂಡ ಮರಳಿ ಸಿಗುತ್ತಾನೆ. ರಾಘವಾಂಕನ ಕಾವ್ಯದ ಚಂದ್ರಮತಿಗೆ ಸತ್ತ ಮಗ ಲೋಹಿತಾಶ್ವ ಸುಡುಗಾಡಿನಲ್ಲೇ ಮರಳಿ ದಕ್ಕುತ್ತಾನೆ. ಕೇಳಿದವರ ಮನಸ್ಸು ಹಗುರಾಗುತ್ತದೆ, ನಿಜ. ಆದರೆ ಮಗುವನ್ನು ಮಣ್ಣು ಮಾಡಿ ಬಂದ ತಾಯಿಯ ಜೊತೆ ಇವು ಬಹುದೂರ ನಡೆಯಲಾರವು. ಕಳೆದದ್ದು ಮರಳದ ಕಥೆಗಳೇ ಅವಳಿಗೆ ಹೆಚ್ಚು ಆಗಿಬರುತ್ತವೆ.

ಕಿಸಾಗೋತಮಿಯದು ಅಂಥ ಕಥೆ. ಬೌದ್ಧರ ಪಾಳಿ ಅಟ್ಠಕಥೆಗಳ, ಅಂದರೆ ವ್ಯಾಖ್ಯಾನಗಳ, ಪ್ರಕಾರ ಆಕೆ ಶ್ರಾವಸ್ತಿಯವಳು. ಆಗಷ್ಟೇ ನಡೆಯಲು ಕಲಿತಿದ್ದ ಮಗ ಸತ್ತಾಗ ಹೆಣವನ್ನು ಕಂಕುಳಲ್ಲಿ ಎತ್ತಿಕೊಂಡು ಮದ್ದು ಕೇಳುತ್ತ ಮನೆಮನೆ ಅಲೆದಳು. ಸಾವಿಲ್ಲದ ಮನೆಯಿಂದ ಸಾಸಿವೆ ತರಬೇಕೆಂದ ಬುದ್ಧ. ಸಾಸಿವೆ ಎಲ್ಲ ಮನೆಯಲ್ಲೂ ಇತ್ತು, ಸಾವೂ ಇತ್ತು. ಸಾವು ಯಾರನ್ನೂ ಬಿಡದು ಎಂಬ ಪಾಠವಾಗಿಯೇ ಈ ಕಥೆಯನ್ನು ಹೇಳುವುದು ರೂಢಿ. ಅಷ್ಟೇ ಆಗಿದ್ದರೆ ಬುದ್ಧ ಅದನ್ನು ಒಂದು ಮಾತಿನಲ್ಲಿ ಹೇಳಿ ಕಳಿಸಬಹುದಿತ್ತು. ಅವನು ಅವಳನ್ನು ಜನರ ಹೊಸ್ತಿಲಿಗೆ ಕಳಿಸಿದ. ಹುಚ್ಚಿಯೆಂದು ನಕ್ಕಿದ್ದ ಊರು ಈ ಸಲ ಅವಳೆದುರು ತನ್ನ ಸಾವುಗಳನ್ನು ಹೇಳಿಕೊಂಡಿತು; ಅವಳ ದುಃಖಕ್ಕೆ ಜೊತೆ ಸಿಕ್ಕಿತು. ಕೊನೆಗೆ ಮಗುವನ್ನು ಕೆಳಗಿಳಿಸಿದವಳು ಅವಳೇ, ಯಾರೂ ಕಿತ್ತುಕೊಳ್ಳಲಿಲ್ಲ. ಮುಂದೆ ಭಿಕ್ಖುಣಿಯಾದಳು. ಅವಳ ಹೆಸರಿನ ಪದ್ಯಗಳು ಭಿಕ್ಖುಣಿಯರ ಪದ್ಯಸಂಗ್ರಹವಾದ ಥೇರೀಗಾಥೆಯಲ್ಲಿ ಉಳಿದಿವೆ.

ಮಹಾಭಾರತ ಅಳುವಿಗೆ ಇನ್ನೂ ದೊಡ್ಡ ಜಾಗ ಕೊಟ್ಟಿದೆ. ಯುದ್ಧ ಮುಗಿದ ಮೇಲೆ 11ನೆಯದಾದ ಸ್ತ್ರೀಪರ್ವ ಬರುತ್ತದೆ. ಗಾಂಧಾರಿ ಒಬ್ಬೊಬ್ಬರ ಹೆಣವನ್ನೂ ಗುರುತಿಸಿ ಗೋಳಾಡುತ್ತಾಳೆ. ಶಾಂತಿಪರ್ವ ಅದರ ನಂತರದ್ದು. ಅಲ್ಲೂ ಸಮಾಧಾನ ಸುಲಭಕ್ಕೆ ಸಿಗದು. ರಾಜ್ಯ ಬೇಡ, ಕಾಡಿಗೆ ಹೋಗುತ್ತೇನೆನ್ನುವ ಯುಧಿಷ್ಠಿರನೊಡನೆ ತಮ್ಮಂದಿರು, ದ್ರೌಪದಿ, ವ್ಯಾಸ, ಕೃಷ್ಣ ಎಲ್ಲರೂ ವಾದಿಸಬೇಕಾಗುತ್ತದೆ. ಅತ್ತು ಮುಗಿಯುವ ಮೊದಲೇ ಉಪದೇಶ ಸಲ್ಲದೆಂಬ ವಿವೇಕ ಪರ್ವಗಳ ಈ ಕ್ರಮದಲ್ಲಿಯೇ ಇದೆ.

ಇಂಥ ಕಥೆಗಳನ್ನು ಕೆಟ್ಟದಾಗಿ ಬಳಸುವವರೂ ಉಂಟು. ಸೂತಕದ ಮನೆಯಲ್ಲಿ ಕುಳಿತು ಪೂರ್ವಜನ್ಮದ ಕರ್ಮ, ದೇವರ ಶಿಕ್ಷೆ ಎನ್ನುವುದು ಸಾಂತ್ವನವಲ್ಲ, ಕ್ರೌರ್ಯ. ಹೀಬ್ರೂ ಧರ್ಮಗ್ರಂಥದ ಯೋಬನ ಕಥೆ ಇದನ್ನು ನೇರವಾಗಿ ಎದುರಿಸುತ್ತದೆ. ಹತ್ತು ಮಕ್ಕಳನ್ನು ಕಳೆದುಕೊಂಡ ಅವನ ಬಳಿ ಮೂವರು ಗೆಳೆಯರು ಏಳು ಹಗಲು ಏಳು ರಾತ್ರಿ ತುಟಿ ಬಿಚ್ಚದೆ ನೆಲದ ಮೇಲೆ ಕುಳಿತರು. ಆಮೇಲೆ ಬಾಯಿ ತೆರೆದು, ಇದೆಲ್ಲ ನಿನ್ನ ಪಾಪದ ಫಲವೆಂದರು. ಯೋಬ ಒಪ್ಪಲಿಲ್ಲ, ದೇವರನ್ನೇ ಪ್ರಶ್ನಿಸಿದ. ಕಥೆಯ ಕೊನೆಗೆ ದೇವರ ಕೋಪಕ್ಕೆ ಗುರಿಯಾದವರು ಆ ಗೆಳೆಯರು, ಯೋಬನಲ್ಲ.