ಕೂಸು ಹುಟ್ಟುವ ಮುನ್ನ ಕುಲಾವಿಯ ಜಗಳ

ಹೋದ ತಿಂಗಳು ಒಂದು ಭಾನುವಾರ ಮಿಯಾಪುರದ ನಮ್ಮ ಮನೆಗೆ ಮೂರು ಕನ್ನಡ ಕುಟುಂಬಗಳು ಊಟಕ್ಕೆ ಬಂದಿದ್ದವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಹೈದರಾಬಾದಿನಲ್ಲಿ ಹೀಗೆ ಸೇರಿದಾಗಲೆಲ್ಲ ನಮ್ಮ ಮಾತು ಊರಿನ ಮಳೆ, ಇಲ್ಲಿನ ಫ್ಲಾಟಿನ ರೇಟು, ಮಕ್ಕಳ ಕನ್ನಡ ಈ ಮೂರರ ಸುತ್ತಲೇ ತಿರುಗುತ್ತದೆ. ಅವತ್ತು ಮಾತ್ರ ನಲವತ್ತು ದಾಟಿದ ಇಬ್ಬರು ಸಾಫ್ಟ್‌ವೇರ್ ಗೆಳೆಯರು, ಮುಂದಿನ ಪ್ಲೇಸ್ಟೇಷನ್ ಮೇಲೋ ಮುಂದಿನ ಎಕ್ಸ್‌ಬಾಕ್ಸ್ ಮೇಲೋ ಎಂದು ತಟ್ಟೆಯಲ್ಲಿ ರೊಟ್ಟಿ ಆರುವವರೆಗೂ ಜಗಳಾಡಿದರು.

‘ಸೋನಿ ಆಟಗಳ ಮುಂದ ನಿಮ್ಮ ಎಕ್ಸ್‌ಬಾಕ್ಸ್‌ದಾಗ ಏನದರಿ?’ ಎಂದು ಒಬ್ಬರು. ‘ನೀವು ಒಂದೊಂದು ಆಟಕ್ಕ ಐದೈದು ಸಾವಿರ ಸುರೀರಿ. ನಾವು ತಿಂಗಳ ಚಂದಾ ಕಟ್ಟಿ ನೂರಾರು ಆಟ ಆಡ್ತೀವಿ’ ಎಂದು ಇನ್ನೊಬ್ಬರು.

ಮೂಲೆಯಲ್ಲಿ ಕೂತು ಕೇಳುತ್ತಿದ್ದ ನನ್ನ ಹದಿನಾಲ್ಕರ ಮಗ ನಡುವೆ ಬಾಯಿ ಹಾಕಿದ: ‘ಅಂಕಲ್, ಹೊಸದು ಬಂದ ಮ್ಯಾಲ ನನ್ನ ಹಳೇ ಆಟ ಅದರಾಗ ನಡೀತಾವೇನು?’

ಇಬ್ಬರೂ ಒಂದು ಕ್ಷಣ ಸುಮ್ಮನಾದರು. ಆಮೇಲೆ ‘ನಡೀಬಹುದು’ ಎಂದರು. ಗಂಟೆಗಟ್ಟಲೆ ನಡೆದ ಆ ವಾದದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಆಗಿತ್ತು. ಅದನ್ನು ಕೇಳಿದವನು ಹುಡುಗ. ಈ ಬರಹ ಅದಕ್ಕಾಗಿ.

ಮೊದಲಿಗೆ, ಈ ಜಗಳ ಯಾವುದರ ಬಗ್ಗೆ? 2025ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಮುಂದಿನ ಎಕ್ಸ್‌ಬಾಕ್ಸ್‌ಗಾಗಿ ಎಎಂಡಿ ಕಂಪನಿಯ ಜೊತೆ ಹಲವು ವರ್ಷಗಳ ಒಪ್ಪಂದ ಮಾಡಿಕೊಂಡಿರುವುದಾಗಿ ಹೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸೋನಿಯ ಮಾರ್ಕ್ ಸರ್ನಿ ಅದೇ ಎಎಂಡಿಯವರ ಪಕ್ಕದಲ್ಲಿ ಕೂತು, ‘ಪ್ರಾಜೆಕ್ಟ್ ಅಮೆಥಿಸ್ಟ್’ ಎಂಬ ಹೆಸರಿನಲ್ಲಿ ಇನ್ನು ಕೆಲವು ವರ್ಷಗಳಲ್ಲಿ ಬರಲಿರುವ ಕನ್ಸೋಲಿನ ತಂತ್ರಜ್ಞಾನ ವಿವರಿಸಿದರು. ನವೆಂಬರ್‌ನಲ್ಲಿ ವಾಲ್ವ್ ಕಂಪನಿ ‘ಸ್ಟೀಮ್ ಮೆಷಿನ್’ ಎಂಬ ಮೂರನೆಯ ಪೆಟ್ಟಿಗೆ ಘೋಷಿಸಿತು. ಅದರೊಳಗಿನ ಚಿಪ್ಪೂ ಎಎಂಡಿಯದೇ. ನನ್ನ ಗೆಳೆಯರಿಬ್ಬರೂ ತಮ್ಮ ತಮ್ಮ ಪಕ್ಷದ ಪೆಟ್ಟಿಗೆಯನ್ನು ಕಣ್ಣಾರೆ ಕಂಡವರಲ್ಲ, ಬೆಲೆ ತಿಳಿದವರಲ್ಲ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆ ಅಡ್ಡಿಯಿಲ್ಲ. ಕುಲಾವಿಯ ಬಣ್ಣಕ್ಕಾಗಿ ಹೊಡೆದಾಡುವುದು ಅತಿಯಾಯಿತು.

ಹೋಗಲಿ, ಈಗಿನ ಪೆಟ್ಟಿಗೆಗಳಾದರೂ ಅಷ್ಟು ಬೇರೆಬೇರೆಯೇ? ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಭಾರತಕ್ಕೆ 2020ರ ನವೆಂಬರ್ 10ರಂದು ಬಂತು. ಪಿಎಸ್5 ಬಂದದ್ದು ಸುಮಾರು ಮೂರು ತಿಂಗಳು ತಡವಾಗಿ, 2021ರ ಫೆಬ್ರವರಿ 2ರಂದು. ಬಂದಾಗ ಎರಡರ ಬೆಲೆಯೂ 49,990 ರೂಪಾಯಿ ಇತ್ತು. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಎರಡರ ಗುಂಡಿಗೆಯನ್ನು ಮಾಡಿಕೊಟ್ಟದ್ದೂ ಎಎಂಡಿ. ಮೈಕ್ರೋಸಾಫ್ಟ್ ಹೈದರಾಬಾದಿಗೆ 1998ರಲ್ಲೇ ಬಂದಿದೆ. ಎಎಂಡಿಗೂ ಇಲ್ಲಿ ಕಚೇರಿಯಿದೆ. ನಮ್ಮವರು ಎಷ್ಟೋ ಮಂದಿ ಹಗಲು ಇಂಥ ಕಂಪನಿಗಳಲ್ಲಿ ದುಡಿದು, ಸಂಜೆ ಇಂಥ ಕಂಪನಿಗಳ ಅಭಿಮಾನಿಗಳಾಗಿ ಕಾದಾಡುತ್ತಾರೆ.

‘ಪೆಟ್ಟಿಗೆ ಮುಖ್ಯವಲ್ಲ, ಅದರಲ್ಲಿ ಮಾತ್ರ ಸಿಗುವ ಆಟಗಳು ಮುಖ್ಯ’ ಎಂದು ಇಬ್ಬರೂ ಹೇಳುತ್ತಾರೆ. ಒಪ್ಪಿದೆ. ಆದರೆ ಆ ಬೇಲಿಯೂ ಮುರಿಯುತ್ತಿದೆ. ಎಕ್ಸ್‌ಬಾಕ್ಸಿನ ಕುಲದೇವರಂತಿದ್ದ ‘ಗಿಯರ್ಸ್ ಆಫ್ ವಾರ್’ 2025ರ ಆಗಸ್ಟ್‌ನಲ್ಲಿ ಪಿಎಸ್5ಗೆ ಬಂತು. ಅದೇ ತಿಂಗಳು ಸೋನಿ ಪ್ರಕಟಿಸಿದ ‘ಹೆಲ್‌ಡೈವರ್ಸ್ 2’ ಎಕ್ಸ್‌ಬಾಕ್ಸ್‌ಗೆ ಹೋಯಿತು. ‘ಹೇಲೋ’ ಕೂಡ ಪಿಎಸ್5ಗೆ ಬರಲಿದೆಯೆಂದು ಮೈಕ್ರೋಸಾಫ್ಟೇ ಸಾರಿದೆ. ಸೈನಿಕರು ಬಯಲಲ್ಲಿ ಇನ್ನೂ ಬಡಿದಾಡುತ್ತಿದ್ದಾರೆ. ಅರಮನೆಯಲ್ಲಿ ಅರಸರು ಆಗಲೇ ಬೀಗರಾಗಿದ್ದಾರೆ.

ಹಾಗಾದರೆ ನಾವು ಏನನ್ನು ಹೋಲಿಸಬೇಕು? ಅದಕ್ಕೆ ನನ್ನ ಹುಡುಗತನದ ಕಲಬುರಗಿಗೆ ಹೋಗಬೇಕು.

ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಅಗ್ಗದ ವಿಡಿಯೋ ಗೇಮು ಬಂದಾಗ ಅದರ ಆಟವನ್ನು ನಾವು ‘ಕ್ಯಾಸೆಟ್’ ಎನ್ನುತ್ತಿದ್ದೆವು. ಮಾರಿಯೋ, ಕಾಂಟ್ರಾ. ಅಸಲಿಯೋ ನಕಲಿಯೋ ನಮಗೆ ಗೊತ್ತಿರಲಿಲ್ಲ. ಹೆಚ್ಚಿನವು ನಕಲಿಯೇ. ಗೊತ್ತಿದ್ದದ್ದು ಇಷ್ಟು: ನನ್ನ ಕ್ಯಾಸೆಟ್ ನಾನು ಎದುರುಮನೆಯವನಿಗೆ ಕೊಡುತ್ತೇನೆ, ಅವನು ತನ್ನದು ನನಗೆ ಕೊಡುತ್ತಾನೆ. ನನ್ನ ಕಾಂಟ್ರಾ ಮೂರು ಓಣಿ ಸುತ್ತಿ, ಮೂರು ತಿಂಗಳ ನಂತರ ಬಾಯಿಯಲ್ಲಿ ಧೂಳು ತುಂಬಿಕೊಂಡು ಮನೆಗೆ ಬಂದಿತ್ತು. ಉಫ್ ಎಂದು ಊದಿ ಹಾಕಿದರೆ ಮತ್ತೆ ನಡೆಯಿತು. ಆ ಆಟ ನನ್ನದಾಗಿತ್ತು. ಕೊಡುವ ಹಕ್ಕೂ ನನ್ನದು, ಕೊಡದೆ ಸತಾಯಿಸುವ ಹಕ್ಕೂ ನನ್ನದು.

ಈ ಹಕ್ಕಿಗಾಗಿ ಇದೇ ಎರಡು ಕಂಪನಿಗಳ ನಡುವೆ ಒಮ್ಮೆ ನಿಜವಾದ ಜಗಳ ನಡೆದಿತ್ತು. 2013ರಲ್ಲಿ ಮೈಕ್ರೋಸಾಫ್ಟ್ ತನ್ನ ಹೊಸ ಎಕ್ಸ್‌ಬಾಕ್ಸ್ ಒನ್‌ನಲ್ಲಿ, ಕೊಂಡ ಡಿಸ್ಕನ್ನು ಇನ್ನೊಬ್ಬರಿಗೆ ಕೊಡುವುದಕ್ಕೂ ಮಾರುವುದಕ್ಕೂ ಕಟ್ಟಳೆ ಹಾಕಹೊರಟಿತು. ಆ ಜೂನ್‌ನಲ್ಲಿ ಸೋನಿ ಒಂದು ಚಿಕ್ಕ ವಿಡಿಯೋ ಬಿಟ್ಟಿತು: ಪಿಎಸ್4 ಆಟವನ್ನು ಗೆಳೆಯನಿಗೆ ಕೊಡುವುದು ಹೇಗೆ? ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕಿನ ಡಬ್ಬ ಕೊಡುತ್ತಾನೆ, ಅವನು ತೆಗೆದುಕೊಳ್ಳುತ್ತಾನೆ, ಮುಗಿಯಿತು. ಜಗತ್ತು ಚಪ್ಪಾಳೆ ಹೊಡೆಯಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಹಿಂದೆ ಸರಿಯಿತು. ಗ್ರಾಹಕರು ಗೆದ್ದ ಯುದ್ಧ ಅದು.

ಗೆದ್ದದ್ದನ್ನು ಆಮೇಲೆ ನಾವೇ ಬಿಟ್ಟುಕೊಟ್ಟೆವು. 2020ರ ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಡಿಸ್ಕ್ ತೂರಿಸುವ ಕಿಂಡಿಯೇ ಇಲ್ಲ. ಪಿಎಸ್5ರ ಡಿಜಿಟಲ್ ಆವೃತ್ತಿಗೂ ಇರಲಿಲ್ಲ. 2024ರಲ್ಲಿ ಬಂದ ದುಬಾರಿ ಪಿಎಸ್5 ಪ್ರೋಗೆ ಡಿಸ್ಕ್ ಡ್ರೈವ್ ಬೇಕಾದರೆ ಬೇರೆ ದುಡ್ಡು ಕೊಟ್ಟು ಕೊಳ್ಳಬೇಕು. 2013ರಲ್ಲಿ ನಿಯಮ ಹಾಕಲು ಹೋಗಿ ಬೈಸಿಕೊಂಡವರು, ನಂತರ ಕಿಂಡಿಯನ್ನೇ ಮುಚ್ಚಿದರು. ಚಪ್ಪಾಳೆ ಗಿಟ್ಟಿಸಿದವರೂ ಅದನ್ನೇ ಮಾಡಿದರು. ಕಿಂಡಿಯಿಲ್ಲದ ಪೆಟ್ಟಿಗೆ ಹತ್ತು ಸಾವಿರ ಕಡಿಮೆಗೆ ಸಿಗುತ್ತದೆಂದು ನಾವು ಸಾಲುಗಟ್ಟಿ ಕೊಂಡೆವು.

ಅದರಿಂದ ಆಗುವ ನಷ್ಟವೇನು? ಅಂಗಡಿ ಮುಚ್ಚಿದಾಗ ಗೊತ್ತಾಗುತ್ತದೆ. ನಿಂಟೆಂಡೋ 2023ರ ಮಾರ್ಚ್‌ನಲ್ಲಿ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿ ಮುಚ್ಚಿತು. ಮೈಕ್ರೋಸಾಫ್ಟ್ 2024ರ ಜುಲೈ 29ರಂದು ಎಕ್ಸ್‌ಬಾಕ್ಸ್ 360ರ ಅಂಗಡಿ ಮುಚ್ಚಿತು. ಸೋನಿ 2021ರಲ್ಲಿ ಪಿಎಸ್3ರ ಅಂಗಡಿ ಮುಚ್ಚುವುದಾಗಿ ಹೇಳಿ, ಜನ ಗಲಾಟೆ ಮಾಡಿದ ಮೇಲೆ ಬಿಟ್ಟಿತು. ಅಂಗಡಿಯಲ್ಲಿ ಮಾತ್ರ ಇದ್ದ ಆಟಗಳು ಅಂಗಡಿಯೊಂದಿಗೇ ಮಾರುಕಟ್ಟೆಯಿಂದ ಮಾಯ. ಇನ್ನು ನಿಮ್ಮ ಖಾತೆಯಲ್ಲಿರುವ ಇನ್ನೂರು ಆಟಗಳು? ಅವು ಆಡಲು ಸಿಕ್ಕ ಪರವಾನಗಿ ಮಾತ್ರ. ಅಜ್ಜನ ಪುಸ್ತಕದ ಕಪಾಟು ಮೊಮ್ಮಗನಿಗೆ ಬಂದಂತೆ ಅವು ಯಾರಿಗೂ ಬರುವುದಿಲ್ಲ. ಇದನ್ನು ಅವರು ‘ಲೈಬ್ರರಿ’ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಪುಸ್ತಕವನ್ನು ಮನೆಗೆ ಒಯ್ಯಲು ಬಿಡದ, ಗೆಳೆಯನಿಗೆ ತೋರಿಸಲು ಬಿಡದ ಲೈಬ್ರರಿಯನ್ನು ನೀವು ಯಾವ ಊರಿನಲ್ಲಿ ನೋಡಿದ್ದೀರಿ?

ಹೈದರಾಬಾದಿನಲ್ಲಿ ಇರುವ ನಮಗೆ ಇದು ದೂರದ ಮಾತಲ್ಲ. ಭಾರತದಲ್ಲಿ ತಯಾರಾದ ಮೊದಲ ಕನ್ಸೋಲ್ ಆಟಗಳು ಹುಟ್ಟಿದ್ದು ಈ ಊರಿನಲ್ಲೇ. 2009ರಲ್ಲಿ ಅರೋನಾ ಟೆಕ್ನಾಲಜೀಸ್ ಪಿಎಸ್2ಗಾಗಿ ‘ಹನುಮಾನ್: ಬಾಯ್ ವಾರಿಯರ್’ ಮಾಡಿತು. ಅದೇ ವರ್ಷ ಇಲ್ಲಿಯದೇ ಗೇಮ್‌ಶಾಸ್ತ್ರ ಕಂಪನಿ ಕಬಡ್ಡಿ, ಗಾಳಿಪಟ, ಚಿನ್ನಿದಾಂಡುಗಳಂಥ ನಮ್ಮ ಆಟಗಳನ್ನೆಲ್ಲ ಸೇರಿಸಿ ‘ದೇಸಿ ಅಡ್ಡಾ’ ಮಾಡಿತು. ಪಿಎಸ್3 ಬಂದು ಆಗಲೇ ಮೂರು ವರ್ಷವಾಗಿತ್ತು. ಜಗತ್ತು ಹೊಸ ಪೆಟ್ಟಿಗೆಗೆ ಹೋದ ಮೇಲೆ ನಮಗೆ ಹಳೆಯ ಪೆಟ್ಟಿಗೆಯಲ್ಲಿ ಜಾಗ ಸಿಕ್ಕಿತು. ಹನುಮಂತನ ಆಟವನ್ನು ವಿಮರ್ಶಕರು ಮೆಚ್ಚಲಿಲ್ಲ. ಮೊದಲ ಹೆಜ್ಜೆ ಎಡವುವುದು ಸಹಜ. ಆದರೆ ಎಡವಿದ ಆ ಹೆಜ್ಜೆಯ ಗುರುತನ್ನು ಇವತ್ತು ನೋಡಲೂ ಆಗುವುದಿಲ್ಲ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಆ ಡಿಸ್ಕ್ ಇದೆಯೇ ಎಂದು ಕೇಳುತ್ತ ನಾಲ್ಕಾರು ಅಂಗಡಿ ಸುತ್ತಿದೆ. ಕೌಂಟರಿನ ಹುಡುಗರು ಆ ಹೆಸರನ್ನೇ ಕೇಳಿರಲಿಲ್ಲ. ಸಿಕ್ಕರೂ ಪಿಎಸ್5 ಅದನ್ನು ಓದುವುದಿಲ್ಲ. ಪಿಎಸ್2 ಡಿಸ್ಕ್ ಅದಕ್ಕೆ ಬೇಡ.

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆ ಕಂಡಿತು. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ನಾವು ಅದಕ್ಕಾಗಿ ಮರುಗುತ್ತೇವೆ. ಆಗ ಕಾಪಿಡುವ ಅರಿವಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಈಗ ಎಲ್ಲ ಅರಿವೂ ಇದ್ದು ಅದನ್ನೇ ಮಾಡುತ್ತಿದ್ದೇವೆ. ಈ ವಿಷಯದಲ್ಲಿ ಎಕ್ಸ್‌ಬಾಕ್ಸಿನವರಿಗೆ ಒಂದು ಅಂಕ ಕೊಡಲೇಬೇಕು: ಸೀರೀಸ್ ಎಕ್ಸ್ ಪೆಟ್ಟಿಗೆ 2001ರ ಮೊದಲ ಎಕ್ಸ್‌ಬಾಕ್ಸಿನ ಎಷ್ಟೋ ಡಿಸ್ಕುಗಳನ್ನು ಇಂದಿಗೂ ಓದುತ್ತದೆ. ಪಿಎಸ್5 ಅದರ ಹಿಂದಿನ ಪಿಎಸ್4ರ ಆಟಗಳನ್ನು ಬಹುಪಾಲು ಎಲ್ಲವನ್ನೂ ನಡೆಸುತ್ತದೆ. ನನ್ನ ಗೆಳೆಯರು ಹೊಡೆದಾಡಬೇಕಾದದ್ದು ಇದರ ಮೇಲೆ. ಅವರ ಬಾಯಿಂದ ಈ ಮಾತು ಒಮ್ಮೆಯೂ ಬರಲಿಲ್ಲ.

ಇನ್ನು ಭಾಷೆ. ನನ್ನ ಮಗ ಹಳೇಬೀಡಿನ ಹೆಸರನ್ನು ಮೊದಲು ಕೇಳಿದ್ದು ನನ್ನಿಂದಲ್ಲ, ಶಾಲೆಯಿಂದಲೂ ಅಲ್ಲ. 2017ರಲ್ಲಿ ಸೋನಿ ತಂದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ಯಿಂದ. ಕ್ಯಾಲಿಫೋರ್ನಿಯಾದ ನಾಟಿ ಡಾಗ್ ಸ್ಟುಡಿಯೋ ಮಾಡಿದ ಆಟ. ಕ್ಲೋಯಿ ಎಂಬಾಕೆ ಗಣೇಶನ ದಂತ ಹುಡುಕುತ್ತ ಪಶ್ಚಿಮ ಘಟ್ಟದಲ್ಲಿ ಜೀಪು ಓಡಿಸುತ್ತಾಳೆ, ಹೊಯ್ಸಳರ ಅಳಿದುಳಿದ ಕಟ್ಟಡಗಳ ಮೇಲೆ ಹತ್ತುತ್ತಾಳೆ. ಆಟ ಚೆನ್ನಾಗಿದೆ. ನಾನೂ ಆಡಿದ್ದೇನೆ. ಆದರೆ ಹೊಯ್ಸಳರ ಆ ಊರಿನಲ್ಲಿ ಆಟಗಾರನಿಗೆ ಒಂದು ಸಾಲು ಕನ್ನಡದ ಅಡಿಬರಹ ಸಿಗುವುದಿಲ್ಲ. ಸೋನಿಯ ಮೆನುವಿನಲ್ಲಿ ಕನ್ನಡವಿಲ್ಲ, ಮೈಕ್ರೋಸಾಫ್ಟಿನ ಕನ್ಸೋಲಿನಲ್ಲೂ ಇಲ್ಲ. ನಮ್ಮ ಕಲ್ಲು ಅವರಿಗೆ ಬೇಕಾಯಿತು, ನಮ್ಮ ಮಾತು ಬೇಕಾಗಲಿಲ್ಲ.

‘ಕನ್ನಡದವರು ಎಷ್ಟು ಜನ ಕೊಳ್ಳುತ್ತಾರೆ?’ ಎಂದು ಕೇಳುವವರಿದ್ದಾರೆ. 2011ರ ಜನಗಣತಿಯ ಪ್ರಕಾರ ಕನ್ನಡ ತಾಯ್ನುಡಿಯವರು ಸುಮಾರು 4.37 ಕೋಟಿ. ಫಿನ್ಲೆಂಡಿನ ಇಡೀ ಜನಸಂಖ್ಯೆ ಸುಮಾರು 56 ಲಕ್ಷ. ಪ್ಲೇಸ್ಟೇಷನ್ನಿನ ಮೆನು ಫಿನ್ನಿಶ್ ಭಾಷೆಯಲ್ಲಿ ಸಿಗುತ್ತದೆ. ಅವರು ಶ್ರೀಮಂತರು, ಹೆಚ್ಚು ಕೊಳ್ಳುತ್ತಾರೆ ಎನ್ನಿ, ಒಪ್ಪುತ್ತೇನೆ. ಆದರೆ ನಾವು ಒಮ್ಮೆಯಾದರೂ ಕೇಳಿದ್ದೇವೆಯೇ? ಸಿನಿಮಾಕ್ಕೆ ಡಬ್ಬಿಂಗ್ ಬೇಕೋ ಬೇಡವೋ ಎಂದು ದಶಕಗಳ ಕಾಲ ಬೀದಿಗಿಳಿದ ಜನ ನಾವು. ಮಕ್ಕಳು ದಿನಕ್ಕೆ ಎರಡು ಗಂಟೆ ಮುಳುಗಿರುವ ಪರದೆಯಲ್ಲಿ ಯಾವ ಭಾಷೆಯಿದೆ ಎಂದು ಯಾವ ಸಮ್ಮೇಳನದ ವೇದಿಕೆಯಿಂದ ಕೇಳಿದೆವು?

ಸಾಹಿತ್ಯದ ಪತ್ರಿಕೆಯಲ್ಲಿ ಈ ಮಕ್ಕಳಾಟದ ಗೋಳೇಕೆ ಎಂದು ಮೂಗು ಮುರಿಯುವ ಹಿರಿಯರಿಗೂ ಒಂದು ಮಾತು. ಪಗಡೆಯ ಒಂದು ಆಟದ ಮೇಲೆ ನಿಂತ ಮಹಾಭಾರತವನ್ನು ತಲೆಯ ಮೇಲೆ ಹೊತ್ತವರು ನಾವು, ಆಟವನ್ನು ಹಗುರವಾಗಿ ಕಾಣುವಂತಿಲ್ಲ. ಉರ್ದು ಆಳುತ್ತಿದ್ದ ನಿಜಾಮರ ಹೈದರಾಬಾದಿನಲ್ಲಿ ನಮ್ಮ ಹಿರಿಯರು ಕಾಚಿಗುಡದಲ್ಲಿ ನೃಪತುಂಗನ ಹೆಸರಿಟ್ಟು ಕನ್ನಡ ಶಾಲೆ ಕಟ್ಟಿದರು. ಕನ್ನಡದ ಮಾರುಕಟ್ಟೆ ಎಷ್ಟು ದೊಡ್ಡದು ಎಂದು ಲೆಕ್ಕ ಹಾಕುತ್ತ ಕೂತಿದ್ದರೆ ಆ ಶಾಲೆ ಏಳುತ್ತಿರಲಿಲ್ಲ. ನಮ್ಮ ಕಾಲದ ಮಕ್ಕಳು ಕಥೆ ಕೇಳುವ ಜಾಗಗಳಲ್ಲಿ ಇದೂ ಒಂದು. ಅಲ್ಲಿ ಕನ್ನಡವಿಲ್ಲದಿದ್ದರೆ, ಕನ್ನಡ ಅವರ ಪಾಲಿಗೆ ಅಮ್ಮ ಬೈಯುವ ಭಾಷೆಯಾಗಿ ಮಾತ್ರ ಉಳಿಯುತ್ತದೆ.

ಆದ್ದರಿಂದ, ಮುಂದಿನ ಪೆಟ್ಟಿಗೆಗಳು ಬಂದಾಗ ನನ್ನ ಗೆಳೆಯರು ವೇಗದ ಅಂಕಿ, ಚಿತ್ರದ ಹೊಳಪುಗಳ ಪಟ್ಟಿ ಹಿಡಿದು ಮತ್ತೆ ಹೊಡೆದಾಡಲಿ, ಬೇಡವೆನ್ನುವುದಿಲ್ಲ. ಅದಕ್ಕೆ ಮೊದಲು ಮೂರು ಪ್ರಶ್ನೆ ಕೇಳಲಿ. ನನ್ನಲ್ಲಿರುವ ಹಳೆಯ ಆಟ ಇದರಲ್ಲಿ ನಡೆಯುತ್ತದೆಯೇ? ನನ್ನ ಆಟವನ್ನು ಇನ್ನೊಬ್ಬರ ಕೈಗೆ ಕೊಡಬಹುದೇ? ಕನ್ನಡಕ್ಕೆ ಇದರಲ್ಲಿ ಜಾಗವಿದೆಯೇ? ಮೂರಕ್ಕೂ ಇಲ್ಲ ಎಂದರೆ ಆ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟು ಬರಲಿ. ಕಂಪನಿಗಳಿಗೆ ಅರ್ಥವಾಗುವ ಭಾಷೆ ಅದೊಂದೇ, 2013ರಲ್ಲಿ ಅವು ಅದನ್ನು ಸರಿಯಾಗಿಯೇ ಅರ್ಥಮಾಡಿಕೊಂಡವು.

ಬೇಸಿಗೆ ರಜೆಗೆ ಮಗ ಕಲಬುರಗಿಗೆ ಹೊರಟಿದ್ದಾನೆ. ಅಲ್ಲಿ ಅವನ ಸೋದರತ್ತೆಯ ಮಗನ ಬಳಿ ಹಳೆಯ ಪಿಎಸ್4 ಇದೆ. ಬ್ಯಾಗಿನಲ್ಲಿ ಬಟ್ಟೆಗಳ ನಡುವೆ ಹಳೇಬೀಡಿನ ಆ ಡಿಸ್ಕ್ ಇಟ್ಟುಕೊಂಡಿದ್ದಾನೆ, ಅವನಿಗೆ ಕೊಡಲು. ‘ವಾಪಸ್ ಇಸ್ಕೊಂಡು ಬಾ’ ಎಂದೆ. ‘ಅಂವ ಮುಗಿಸಿದ ಮ್ಯಾಲ ಅವರ ಬಾಜೂ ಮನಿಯವ್ನೂ ಕೇಳ್ಯಾನಪ್ಪಾ’ ಎಂದ.

ನಿನ್ನೆ ಆ ಗೆಳೆಯರಲ್ಲೊಬ್ಬರು ಫೋನಿನಲ್ಲಿ ಕೇಳಿದರು: ‘ಹೊಸಾದು ಬಂದ ಮ್ಯಾಲ ಯಾವುದು ತಗೋತೀರಿ? ನಮ್ಮದೋ, ಅವರದೋ?’

‘ಡಿಸ್ಕ್ ಹೋಗೋ ಕಿಂಡಿ ಯಾವುದಕ್ಕ ಇರ್ತದೋ ಅದು’ ಎಂದೆ.